ಹರ್ನಿಯಾ ಎಂದು ಹೇಳಿದ್ದೆ

ನೋವಿರುವುದು ಹೊಟ್ಟೆಯಲ್ಲಲ್ಲ, ಬಲತೊಡೆಯ ಹೊರಮಗ್ಗುಲಲ್ಲಿ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಪರೇಷನ್ ಆದಮೇಲೆ ನನ್ನನ್ನು ನೋಡಿದವರೆಲ್ಲ ಹೊಟ್ಟೆಯನ್ನೇ ನೋಡಿದರು. ಹೊಟ್ಟೆ ಚೆನ್ನಾಗಿದೆ. ಹೊಲಿಗೆಯ ಗೆರೆ ಈ ಸೊಂಟದೆಲುಬಿನಿಂದ ಆ ಸೊಂಟದೆಲುಬಿನವರೆಗೆ ಹೋಗಿದೆ, ವರ್ಷ ಕಳೆದಂತೆ ತೆಳ್ಳಗಾಗಿ ಬಿಳಿಚಿಕೊಂಡಿದೆ. ಸೀರೆಯ ನೆರಿಗೆ ಈಗ ಚಪ್ಪಟೆಯಾಗಿ ನಿಲ್ಲುತ್ತದೆ. ಆದರೆ ಸೀರೆ ಉಡುವುದೇ ಬಹುಕಾಲ ಆಗಲಿಲ್ಲ, ಅದು ಬೇರೆ ಮಾತು.

ದಾವಣಗೆರೆಯ ಒಂದು ಬ್ಯಾಂಕಿನಲ್ಲಿ ಕೌಂಟರಿನಲ್ಲಿ ಕೂರುವ ಕೆಲಸ ನನ್ನದು. ಅವಳಿ ಮಕ್ಕಳನ್ನು ಹೆತ್ತವಳು. ಇಬ್ಬರೂ ದುಂಡುದುಂಡಗೆ ಹುಟ್ಟಿದರು, ನನ್ನ ಹೊಟ್ಟೆ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ. ಹೊಟ್ಟೆಯ ಮುಂಭಾಗದ ಎರಡು ಸ್ನಾಯುಗಳು ನಡುವೆ ಬಿಟ್ಟುಕೊಂಡು ಆಚೀಚೆ ಸರಿದಿದ್ದವು. ಕೆಮ್ಮಿದರೆ ಆ ಸಂದಿನಲ್ಲಿ ಉಬ್ಬು ಏಳುತ್ತಿತ್ತು. ಕೆಳಗೆ ಚರ್ಮ ಜೋತುಬಿದ್ದು ಮಡಿಕೆಯಾಗಿ, ಏಪ್ರಿಲ್ ಸೆಕೆಗೆ ಅದರೊಳಗೆ ಬೆವರು ನಿಂತು ಕೆಂಪಾಗಿ ಒಡೆಯುತ್ತಿತ್ತು. ಬಸ್ಸಿನಲ್ಲಿ ಕಾಲೇಜು ಹುಡುಗರು ಎದ್ದು ಸೀಟು ಬಿಡುತ್ತಿದ್ದರು. ಪೆನ್ಷನ್ ತೆಗೆಯಲು ಬಂದ ಅಜ್ಜ ಒಬ್ಬರು ದುಡ್ಡು ಎಣಿಸಿಕೊಂಡು, 'ಗಂಡೇ ಆಗ್ಲಿ ತಾಯಿ' ಎಂದು ಹರಸಿ ಹೋದರು. ನನ್ನ ಮಕ್ಕಳು ಆಗ ನಾಲ್ಕನೇ ಕ್ಲಾಸಿನಲ್ಲಿದ್ದವು. ಕುಂದವಾಡ ಕೆರೆ ಸುತ್ತಿದೆ, ಯೋಗ ಮಾಡಿದೆ, ರಾತ್ರಿ ಊಟ ಬಿಟ್ಟೆ. ತೂಕ ಇಳಿಯಿತು, ಚರ್ಮ ಇನ್ನಷ್ಟು ಜೋತುಬಿತ್ತು. ಒಮ್ಮೆ ಹಿಗ್ಗಿ ಸಡಿಲಾದ ಚರ್ಮ ವ್ಯಾಯಾಮಕ್ಕೆ ಬಗ್ಗುವುದಿಲ್ಲ.

ಹಾಗಾಗಿ 2022ರ ಜನವರಿಯಲ್ಲಿ ಬೆಂಗಳೂರಿಗೆ ಹೋಗಿ ಟಮ್ಮಿ ಟಕ್ ಎಂಬ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡೆ. ಅಂದಕ್ಕೋ ಅನುಕೂಲಕ್ಕೋ ಎಂದು ಕೇಳಿದವರಿದ್ದಾರೆ. ಎರಡೂ ಬೇಕಿತ್ತು. ಇದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆಯೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸ್ವಂತ ದುಡ್ಡು, ಮೇಲೊಂದಿಷ್ಟು ಸಾಲ, ತಿಂಗಳ ಕಂತು. ಆರೋಗ್ಯ ವಿಮೆಯಲ್ಲಿ ಕಾಸ್ಮೆಟಿಕ್ ಸರ್ಜರಿಗೆ ಜಾಗವಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲಿನ ಮರುಜೋಡಣೆಯಾದರೆ ಸರಿ, ಇದಕ್ಕಿಲ್ಲ. ಒಪ್ಪಿಗೆ ಪತ್ರವನ್ನು ನಾನು ಪೂರ್ತಿ ಓದಿದ್ದೆ. ಸಾಲದ ಕಾಗದದ ಸಣ್ಣಕ್ಷರ ಓದುವುದೇ ನನ್ನ ಹೊಟ್ಟೆಪಾಡು ತಾನೆ. 'ಸ್ಪರ್ಶಜ್ಞಾನದಲ್ಲಿ ಬದಲಾವಣೆ ಆಗಬಹುದು' ಎಂದು ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಹಾಗೆಂದರೇನು ಎಂದು ಕೇಳಿದೆ. ಉತ್ತರ ಕೊಟ್ಟಿದ್ದು ಡಾಕ್ಟರಲ್ಲ, ಕೋರ್ಡಿನೇಟರ್ ಎಂಬ ಹುಡುಗಿ. 'ಅದು ಎಲ್ಲರ ಫಾರ್ಮಲ್ಲೂ ಇರುತ್ತೆ ಮೇಡಂ, ಸ್ವಲ್ಪ ಜೋಮು ಅಷ್ಟೆ' ಎಂದಳು. ಪಾಪ, ಅವಳಿಗೆ ಹೇಳಿಕೊಟ್ಟಿದ್ದೇ ಅಷ್ಟಿರಬೇಕು.

ಆಪರೇಷನ್ ನೋವನ್ನು ಹೆಚ್ಚು ಬರೆಯುವುದಿಲ್ಲ. ಎರಡೂ ಮಗ್ಗುಲಿಗೆ ಡ್ರೈನ್ ಕೊಳವೆ, ಬಿಗಿಯಾದ ಪಟ್ಟಿ, ಗೂನುಬೆನ್ನಿನ ನಡಿಗೆ, ಸೀನು ಬಂದರೆ ದೇವರೇ ಗತಿ. ಇದೆಲ್ಲ ಮೊದಲೇ ಗೊತ್ತಿತ್ತು, ಹೇಳಿದ ಹಾಗೇ ದಿನದಿಂದ ದಿನಕ್ಕೆ ಇಳಿಯಿತು. ಇಳಿಯುವ ನೋವನ್ನು ಯಾರು ಬೇಕಾದರೂ ಸಹಿಸಬಹುದು.

ಇನ್ನೊಂದು ನೋವು ಆಮೇಲೆ ಬಂತು. ಬಲತೊಡೆಯ ಹೊರಗಡೆ, ಸೊಂಟದಿಂದ ಒಂದು ಗೇಣು ಕೆಳಗೆ ಶುರುವಾಗಿ ಮಂಡಿಯ ಹತ್ತಿರದವರೆಗೆ, ಮೊದಲು ಜೋಮು ಹಿಡಿದಂತಿತ್ತು. ಚಿವುಟಿದರೆ ಗೊತ್ತಾಗುತ್ತಿರಲಿಲ್ಲ. ಸರಿ, ಹುಡುಗಿ ಹೇಳಿದ ಜೋಮು ಇದೇ ಎಂದುಕೊಂಡೆ. ಕೆಲವು ವಾರ ಕಳೆದ ಮೇಲೆ ಅದೇ ಜಾಗ ಉರಿಯತೊಡಗಿತು. ಬಾಣಲೆಯ ಎಣ್ಣೆ ಸಿಡಿದರೆ ಮೊದಲ ಕ್ಷಣ ಹೇಗಿರುತ್ತದೆಯೋ ಆ ಉರಿ, ಆದರೆ ಆ ಕ್ಷಣ ಮುಗಿಯುವುದೇ ಇಲ್ಲ. ವಿಚಿತ್ರವೆಂದರೆ ಗಟ್ಟಿಯಾಗಿ ಒತ್ತಿದರೆ ಅಷ್ಟೇನಿಲ್ಲ, ನವಿರಾಗಿ ಏನಾದರೂ ತಾಗಿದರೆ ಜೀವ ಹೋಗುತ್ತಿತ್ತು. ಫ್ಯಾನಿನ ಗಾಳಿಗೆ ನೈಟಿ ಅಲುಗಿದರೆ ಸಾಕು. ಹೊದಿಕೆ ತೊಡೆಗೆ ತಾಗದಿರಲೆಂದು ಆಚೆಗೊಂದು ಈಚೆಗೊಂದು ದಿಂಬಿಟ್ಟು, ಅದರ ಮೇಲೆ ಬೆಡ್‌ಶೀಟು ಹರಡಿ, ಕೆಳಗೆ ಅಲುಗದೆ ಮಲಗುತ್ತಿದ್ದೆ. ಮಕ್ಕಳು ರಾತ್ರಿ ಬಂದು ಅಪ್ಪಿಕೊಳ್ಳಲು ನೋಡಿದರೆ 'ಎಡಗಡೆ, ಎಡಗಡೆ' ಎಂದು ಕೂಗುತ್ತಿದ್ದೆ. ಈಗಲೂ ಅವಕ್ಕೆ ಅಮ್ಮ ಎಂದರೆ ಎಡಗಡೆಯೇ.

ಲಂಗದ ಲಾಡಿಯ ವಿಷಯ ಹೇಳಲೇಬೇಕು. ನಮ್ಮಲ್ಲಿ ಸೀರೆ ನಿಲ್ಲುವುದೇ ಲಾಡಿ ಬಿಗಿದು ಕಟ್ಟುವುದರಿಂದ, ಅದೂ ಸರಿಯಾಗಿ ಸೊಂಟದೆಲುಬಿನ ಮೇಲೆ. ಸಂಬಂಧಿಕರ ಮದುವೆಗೆಂದು ಸೀರೆ ಉಟ್ಟು ಹೊರಟವಳಿಗೆ ಛತ್ರದ ಬಾಗಿಲು ತಲುಪುವಷ್ಟರಲ್ಲಿ ತೊಡೆಗೆ ಬೆಂಕಿ ಬಿತ್ತು. ಧಾರೆ ನಡೆಯುತ್ತಿದ್ದಾಗ ನಾನು ವಧುವಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಲಾಡಿ ಬಿಚ್ಚಿ ಕೂತಿದ್ದೆ. ಸಡಿಲ ಮಾಡಿದ ಸ್ವಲ್ಪ ಹೊತ್ತಿಗೆ ಉರಿ ತಗ್ಗಿತು. ಕಾರಣದ ಸುಳಿವು ಅಲ್ಲೇ ಇತ್ತು. ಆದರೆ ಲಂಗದ ಲಾಡಿಯ ಬಗ್ಗೆ ಯಾವ ಡಾಕ್ಟರೂ ಕೇಳಲಿಲ್ಲ, ಹೇಳಬೇಕೆಂದು ನನಗೂ ಹೊಳೆಯಲಿಲ್ಲ.

ಆಪರೇಷನ್ ಮಾಡಿದ ಜಾಗಕ್ಕೆ ಮರಳಿ ಹೋದಾಗ ಮೊದಲು ಫೋಟೋ ತೆಗೆದರು. ನೀಲಿ ಪರದೆಯ ಮುಂದೆ ನಿಲ್ಲಿಸಿ, ಎದೆಯ ಕೆಳಗಿನಿಂದ ತೊಡೆಯ ಅರ್ಧದವರೆಗೆ, ನೇರಕ್ಕೊಂದು, ಮಗ್ಗುಲಿಗೊಂದು. ಕಂಪ್ಯೂಟರಿನಲ್ಲಿ ಹಳೆಯ ಫೋಟೋದ ಪಕ್ಕಕ್ಕಿಟ್ಟು ಸರ್ಜನ್ 'ಎಕ್ಸಲೆಂಟ್ ರಿಸಲ್ಟ್' ಎಂದರು. ನಿಜವೇ. ತೊಡೆ ಉರಿಯುತ್ತದೆ ಸಾರ್ ಎಂದೆ. 'ನರಗಳು ಎಚ್ಚರ ಆಗ್ತಿವೆ, ಒಳ್ಳೆಯದೇ, ಆರು ತಿಂಗಳು ಟೈಮ್ ಕೊಡಿ' ಎಂದರು. ಉರಿಯುವ ತೊಡೆಯೂ ಆ ಫೋಟೋದಲ್ಲೇ ಇತ್ತು, ಪರದೆಯ ಮೇಲೆ ನುಣುಪಾಗಿ ಕಾಣುತ್ತಿತ್ತು.

ಇನ್ನು ಹರ್ನಿಯಾದ ಕಥೆ. ರಜೆ ಹಾಕುವಾಗ ಬ್ರಾಂಚಿನಲ್ಲಿ ಹರ್ನಿಯಾ ಆಪರೇಷನ್ ಎಂದು ಹೇಳಿದ್ದೆ. ಮನೆಯಲ್ಲಿ ಗಂಡನಿಗೆ, ನನ್ನ ತಾಯಿಗೆ ಬಿಟ್ಟರೆ ಎಲ್ಲರಿಗೂ ಹರ್ನಿಯಾವೇ. ಹರ್ನಿಯಾಕ್ಕೆ ಸಿಕ್ಕಿದ ಮರ್ಯಾದೆ ನೋಡಬೇಕಿತ್ತು! ಮ್ಯಾನೇಜರು ಫೋನು ಮಾಡಿ ಅವಸರ ಬೇಡ ಎಂದರು. ಸಹೋದ್ಯೋಗಿಗಳು ಮನೆಗೆ ಬಂದು ಎಳನೀರು, ಹಣ್ಣು, ಒಬ್ಬರು ಹಾಗಲಕಾಯಿ ಗೊಜ್ಜು ಸಹ ತಂದುಕೊಟ್ಟರು. ಕೆಲಸಕ್ಕೆ ಮರಳಿದ ಮೇಲೂ ಯಾರೂ ನನ್ನ ಕೈಲಿ ಲೆಡ್ಜರ್ ಕಟ್ಟು ಎತ್ತಿಸಲಿಲ್ಲ. ಕಾಲು ಕುಂಟಿದರೆ, 'ಪಾಪ, ಹರ್ನಿಯಾ ಆದೋರ್ಗೆ ಹಂಗೇ' ಎಂದರು. ಹರ್ನಿಯಾಕ್ಕೂ ತೊಡೆಗೂ ಏನು ಸಂಬಂಧ ಎಂದು ಒಬ್ಬರೂ ಕೇಳಲಿಲ್ಲ. ಕಾರಣ ಗೌರವದ್ದಾಗಿದ್ದರೆ ನೋವಿಗೆ ಯಾರೂ ಲೆಕ್ಕ ಕೇಳುವುದಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಆಪರೇಷನ್ ಆದ ಬೆನ್ನಿಗೇ ತೀರಿಕೊಂಡಳು. ಟಿವಿಯಲ್ಲಿ ದಿನವಿಡೀ ಅದೇ. ಮಧ್ಯಾಹ್ನ ಊಟದ ಕೋಣೆಯಲ್ಲಿ ಡಬ್ಬಿ ಬಿಚ್ಚುತ್ತಾ ಮಾತು ಶುರುವಾಯಿತು. 'ಬೇಕಿತ್ತೇನ್ರೀ ಆ ಹುಡುಗಿಗೆ? ತೆಳ್ಳಗೇ ಇದ್ಲಲ್ಲ.' 'ದೇವರು ಕೊಟ್ಟ ಮೈಗೆ ಕತ್ತಿ ಹಾಕ್ಸಿದ್ರೆ ಇನ್ನೇನಾಗುತ್ತೆ.' 'ತಾಯಿತಂದೆ ಗತಿ ನೋಡ್ರಿ.' ಕೆಟ್ಟವರಲ್ಲ ಇವರು, ನನಗೆ ಎಳನೀರು ತಂದುಕೊಟ್ಟವರೇ. ರೊಟ್ಟಿ ಮುರಿಯುತ್ತಾ ಕೂತಿದ್ದ ನನ್ನ ಕಡೆ ತಿರುಗಿ ಒಬ್ಬರು, 'ನೀವೇ ಹೇಳ್ರಿ ಮೇಡಂ, ಹರ್ನಿಯಾ ಅಂದ್ರೆ ಮಾಡಿಸ್ಲೇಬೇಕಪ್ಪ, ಇದೆಲ್ಲ ಯಾಕೆ?' ಎಂದರು. ನಾನು ಹೌದು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಆ ಹೊತ್ತಿಗೆ ತೊಡೆ ಧಗಧಗ ಅನ್ನುತ್ತಿತ್ತು, ಚೂಡಿದಾರದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಚರ್ಮಕ್ಕೆ ತಾಗದಂತೆ ಎತ್ತಿಕೊಂಡಿದ್ದೆ. ಸತ್ತ ಹುಡುಗಿಗೇ ಇಷ್ಟು ಮಾತು. ಬದುಕಿ ನರಳುವವಳಿಗೆ ಎಷ್ಟು ಸಿಗಬಹುದು ಎಂದು ಅಂದಾಜು ಹಾಕಿದೆ.

ಮನೆಯಲ್ಲೂ ಅಂಥ ವ್ಯತ್ಯಾಸವೇನಿರಲಿಲ್ಲ. ಅಮ್ಮ ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಹೆತ್ತ ಹೊಟ್ಟೆ ಕಣೇ ಅದು, ಅದಕ್ಕೇನಾಗಿತ್ತು' ಎಂದು ಒಮ್ಮೆ ಅಂದಿದ್ದಳು, ಅಷ್ಟೆ. ಗಂಡ ಒಳ್ಳೆಯವನು. ಆದರೂ ರಾತ್ರಿ ನಾನು ನರಳಿದರೆ ಅವನ ಮುಖದ ಮೇಲೆ ಒಂದು ಲೆಕ್ಕ ಹಾದುಹೋಗುತ್ತಿತ್ತು. ಮಕ್ಕಳನ್ನು ಹೆರುವಾಗ ನರಳಿದ್ದಕ್ಕೆ ಆ ಲೆಕ್ಕ ಇರಲಿಲ್ಲ.

ಆರು ತಿಂಗಳೂ ದಾಟಿತು. ಊರಿನಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆ. ಬೆನ್ನಿನ ಎಂಆರ್‌ಐ ಮಾಡಿಸಿದರು. ಕೂತು ಕೆಲಸ ಮಾಡುವ ನಲವತ್ತರ ಹೆಂಗಸಿನ ಬೆನ್ನಿನಲ್ಲಿ ಒಂದು ಡಿಸ್ಕಾದರೂ ಉಬ್ಬಿರದಿದ್ದರೆ ಆಶ್ಚರ್ಯ. ನನಗೂ ಒಂದು ಉಬ್ಬಿತ್ತು. ಅದಕ್ಕೇ ಟ್ರಾಕ್ಷನ್ ಕೊಟ್ಟರು, ಸೊಂಟಕ್ಕೊಂದು ಬೆಲ್ಟ್ ಕೊಟ್ಟರು. ಬೆಲ್ಟ್ ಹಾಕಿದ ದಿನ ಉರಿ ದುಪ್ಪಟ್ಟಾಯಿತು. ಇನ್ನೊಬ್ಬರು ಬಿ12 ಇಂಜೆಕ್ಷನ್ ಬರೆದರು. ಮತ್ತೊಬ್ಬರು ಕಾಲಿನ ಬಲ ಪರೀಕ್ಷಿಸಿ, ಮಂಡಿಗೆ ಸುತ್ತಿಗೆ ತಟ್ಟಿ ಎಲ್ಲ ಸರಿಯಾಗಿದೆ ಎಂದರು. ನನ್ನ ಕಡತ ತಿರುವಿ ಕಾಸ್ಮೆಟಿಕ್ ಎಂಬಲ್ಲಿಗೆ ಬಂದಾಗ ಅವರ ಧ್ವನಿ ಬದಲಾಯಿತು. 'ಟೆನ್ಷನ್ ಜಾಸ್ತಿ ಮಾಡ್ಕೊಂಡಿದೀರಿ. ಮನಸ್ಸಿನದೂ ಇರುತ್ತೆ ನೋಡಿ' ಎಂದರು.

ಕೊನೆಗೆ ದಾರಿ ತೋರಿಸಿದ್ದು ನನ್ನ ಗೆಳತಿಯ ಅಣ್ಣ, ಅರಿವಳಿಕೆ ಡಾಕ್ಟರು. ಪೇನ್ ಕ್ಲಿನಿಕ್ ಎಂಬುದೊಂದಿದೆ, ನೋವನ್ನೇ ನೋಡುತ್ತಾರೆ, ಹೋಗಿ ಎಂದರು. ಅಲ್ಲಿನ ಡಾಕ್ಟರು, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಸ್ಕ್ಯಾನುಗಳನ್ನು ಪಕ್ಕಕ್ಕಿಟ್ಟು ಹತ್ತಿಯ ಎಳೆಯೊಂದನ್ನು ಕೈಗೆತ್ತಿಕೊಂಡರು. ಕಣ್ಣು ಮುಚ್ಚಿಸಿ ತೊಡೆಯ ಮೇಲೆ ಅಲ್ಲಲ್ಲಿ ಸವರುತ್ತಾ, ಎಲ್ಲಿ ಉರಿಯಿತೆಂದೆನೋ ಅಲ್ಲಿ ಪೆನ್ನಿನಿಂದ ಚುಕ್ಕಿ ಇಟ್ಟರು. ಆಮೇಲೆ ಚುಕ್ಕಿಗಳನ್ನು ಸೇರಿಸಿದರು. ನೀಲಿ ಶಾಯಿಯ ಉದ್ದನೆಯ ವೃತ್ತ, ಒಳತೊಡೆಗೆ ಹೋಗಿಲ್ಲ, ಮಂಡಿ ದಾಟಿಲ್ಲ. ಸೊಂಟದೆಲುಬಿನ ಒಳಬದಿಯಲ್ಲಿ ಒಂದು ಕಡೆ ಬೆರಳಿನಿಂದ ತಟ್ಟಿದಾಗ ಆ ವೃತ್ತದೊಳಗೆಲ್ಲ ಮಿಂಚು ಹರಿಯಿತು. 'ಬೇರೆ ಯಾರಾದರೂ ಹೀಗೆ ಗೆರೆ ಹಾಕಿ ನೋಡಿದ್ರಾ?' ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ನನಗೆ ಅಳು ಬಂತು. ನೋವಿಗಲ್ಲ, ಗೆರೆಗೆ.

ಸೊಂಟದೆಲುಬಿನ ಪಕ್ಕದಲ್ಲೇ, ತೊಡೆಸಂದಿನ ಅಸ್ಥಿರಜ್ಜುವಿನ ಅಡಿಯಿಂದ ಒಂದು ನರ ತೊಡೆಗಿಳಿಯುತ್ತದಂತೆ. ಅದರ ಕೆಲಸ ಹೊರತೊಡೆಯ ಚರ್ಮಕ್ಕೆ ಸ್ಪರ್ಶ ತಿಳಿಸುವುದು ಮಾತ್ರ, ಸ್ನಾಯುವಿಗೆ ಅದು ಹೋಗುವುದೇ ಇಲ್ಲ. ಅದಕ್ಕೇ ನನ್ನ ಕಾಲಿನ ಬಲ ಸರಿಯಿತ್ತು, ಸುತ್ತಿಗೆ ಪರೀಕ್ಷೆ ಸರಿಯಿತ್ತು. ಹೊಟ್ಟೆಯ ಈ ಆಪರೇಷನ್ನಿನಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಇದೇ ನರ. ಕತ್ತರಿ ತಾಗಬಹುದು, ಹೊಲಿಗೆಗೆ ಸಿಕ್ಕಿಕೊಳ್ಳಬಹುದು, ಗಾಯ ಮಾಯುವಾಗ ಬಿಗಿಯುವ ಅಂಗಾಂಶ ಹಿಂಡಬಹುದು. ಆಪರೇಷನ್ ಇಲ್ಲದೆಯೂ ಬಿಗಿ ಬೆಲ್ಟಿನಿಂದ, ಬಸಿರಿನಿಂದ, ಬೊಜ್ಜಿನಿಂದ ಇದು ನೋಯುವುದುಂಟು. ಕಾಯಿಲೆಗೆ ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಎಂಬ ದೊಡ್ಡ ಹೆಸರು. 1895ರಲ್ಲಿ ಬರ್ನ್‌ಹಾರ್ಟ್ ಮತ್ತು ರಾಥ್ ಎಂಬಿಬ್ಬರು ಇದನ್ನು ವಿವರಿಸಿದರು. ಅದೇ ವರ್ಷ ತನಗೂ ಇದೇ ಇದೆ ಎಂದು ಬರೆದ ಮೂರನೆಯವನು ಸಿಗ್ಮಂಡ್ ಫ್ರಾಯ್ಡ್! ಡಾಕ್ಟರು ಇದನ್ನು ಹೇಳಿದಾಗ ಇಬ್ಬರೂ ನಕ್ಕೆವು. ಮನಸ್ಸಿನದೂ ಇರುತ್ತೆ ಎಂದವರಿಗೆ ಫೋನು ಮಾಡಿ ತಿಳಿಸೋಣ ಅನ್ನಿಸಿತ್ತು.

ಅವರು ಇನ್ನೊಂದು ಮಾತೂ ಹೇಳಿದರು. ಗಾಯ ಮಾಯ್ದು ಮೂರು ತಿಂಗಳು ದಾಟಿದರೂ ಉಳಿಯುವ ಆಪರೇಷನ್ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೇ ಈಗ ಸ್ವಂತ ಜಾಗವಿದೆ, 2022ರಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಿ. ಆಪರೇಷನ್ ಯಾಕೆ ಮಾಡಿಸಿಕೊಂಡಿರಿ ಎಂದು ಆ ಪಟ್ಟಿ ಕೇಳುವುದಿಲ್ಲ. ಅವರೂ ಕೇಳಲಿಲ್ಲ.

ರೋಗ ಅದೇ ಎಂದು ಖಾತ್ರಿ ಮಾಡಿಕೊಳ್ಳಲು ಅಲ್ಟ್ರಾಸೌಂಡಿನಲ್ಲಿ ನರ ಹುಡುಕಿ ಅದರ ಪಕ್ಕಕ್ಕೆ ಅರಿವಳಿಕೆ ಚುಚ್ಚಿದರು. ಕೆಲವೇ ನಿಮಿಷದಲ್ಲಿ ಉರಿ ನಿಂತುಹೋಯಿತು. ಮೇಜಿನ ಮೇಲಿಂದ ಇಳಿದವಳು ತೊಡೆಯನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ನೋಡಿದೆ. ನರ್ಸ್ ಬೇಡ ಬೇಡ ಎನ್ನುತ್ತಿದ್ದಳು. ಸಂಜೆಯವರೆಗೆ ಸ್ವರ್ಗ. ಔಷಧದ ಗುಣ ಇಳಿದಂತೆ ಮತ್ತೆ ಶುರುವಾಯಿತು, ಆದರೆ ಈಗ ಅದು ಎಲ್ಲಿಂದ ಹುಟ್ಟುತ್ತದೆಂದು ಗೊತ್ತಿತ್ತು. ಆಮೇಲೆ ಸ್ಟಿರಾಯ್ಡ್ ಸೇರಿಸಿ ಕೊಟ್ಟ ಇಂಜೆಕ್ಷನ್ನಿಗೆ ವಾರಗಟ್ಟಲೆ ತಣ್ಣಗಾಗುತ್ತಿತ್ತು.

ಮಾತ್ರೆಗಳದ್ದು ಬೇರೆಯೇ ರಾಮಾಯಣ. ಸಾಮಾನ್ಯ ನೋವಿನ ಗುಳಿಗೆ ನರದ ಉರಿಗೆ ನಾಟುವುದಿಲ್ಲ. ಪ್ರೆಗಾಬಾಲಿನ್ ಕೊಟ್ಟರು. ಉರಿ ತಗ್ಗಿತು, ತಲೆ ಮಬ್ಬಾಯಿತು. ನೋಟಿನ ಕಂತೆ ಎಣಿಸುವಾಗ ಅರ್ಧಕ್ಕೆ ಮರೆತು ಮತ್ತೆ ಮೊದಲಿಂದ ಎಣಿಸುತ್ತಿದ್ದೆ, ನಾನೇ ಕೇಳಿಕೊಂಡು ಕ್ಯಾಷ್ ಕೌಂಟರ್ ಬಿಟ್ಟೆ. ಇನ್ನೊಂದು ತಮಾಷೆ, ಆ ಮಾತ್ರೆಗೆ ಮೈ ಬರುತ್ತದೆ. ಹೊಟ್ಟೆ ಇಳಿಸಿಕೊಳ್ಳಲು ಹೋಗಿ ಬಂದ ನೋವಿಗೆ ಹೊಟ್ಟೆ ಬರಿಸುವ ಔಷಧ! ಅದನ್ನು ಇಳಿಸಿ ರಾತ್ರಿಗೆ ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ ಸೇರಿಸಿದರು. ಬಾಯಿ ಒಣಗುತ್ತದೆ, ಆದರೆ ನಿದ್ದೆ ಬಂತು. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ ದನಿ ತಗ್ಗಿಸಿ, 'ಮೇಡಂ, ಇದು ಡಿಪ್ರೆಷನ್‌ಗೆ ಕೊಡೋದು, ಮನೇಲಿ ಯಾರಿಗೆ?' ಎಂದ. ನನಗೇ, ನರದ ನೋವಿಗೂ ಕೊಡ್ತಾರೆ ಎಂದು ಗಟ್ಟಿಯಾಗಿಯೇ ಹೇಳಿದೆ. ಹಿಂದೆ ನಿಂತಿದ್ದವರಿಗೂ ಕೇಳಲಿ ಎಂದು.

ಫಿಸಿಯೋಥೆರಪಿಯ ಹುಡುಗಿ ಕಲಿಸಿದ್ದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ. ಬರಿ ತಾಗಿದ್ದನ್ನೇ ಅಪಾಯವೆಂದು ಕೂಗುವ ನರಮಂಡಲಕ್ಕೆ ಮತ್ತೆ ಪಾಠ ಹೇಳಬೇಕು. ಮೊದಲು ಹತ್ತಿಯಿಂದ ಸವರುವುದು, ಆಮೇಲೆ ಹಳೇ ರೇಷ್ಮೆ ಸೀರೆಯ ಸೆರಗು, ಆಮೇಲೆ ಮೆತ್ತನೆ ಟವೆಲು, ಆಮೇಲೆ ಒರಟು ಟವೆಲು. ದಿನಾ ಸ್ವಲ್ಪ ಸ್ವಲ್ಪ ಹೊತ್ತು, ಉರಿದರೂ ನಿಲ್ಲಿಸದೆ, ಹಾಗಂತ ಹಟಕ್ಕೂ ಬೀಳದೆ. ಕಡೆಯ ಪರೀಕ್ಷೆ ಹೀರೆಕಾಯಿ ನಾರು. ಅದನ್ನು ಸ್ನಾನದ ಮನೆಯ ಮೊಳೆಗೆ ತೂಗುಹಾಕಿ ತಿಂಗಳಾನುಗಟ್ಟಲೆ ದೂರದಿಂದಲೇ ನೋಡಿದೆ. ಒಂದು ಭಾನುವಾರ ಎಣ್ಣೆಸ್ನಾನದ ಹೊತ್ತಿಗೆ ಧೈರ್ಯ ಮಾಡಿದೆ. ಉರಿಯಿತು, ಆದರೆ ನಾರು ತಿಕ್ಕಿದರೆ ಯಾರಿಗಾದರೂ ಆಗುವಷ್ಟಕ್ಕಿಂತ ಬಹಳ ಹೆಚ್ಚೇನಲ್ಲ.

ಪೆಟ್ಟು ತಿಂದ ನರ ಚಿಗುರಿದರೂ ದಿನಕ್ಕೆ ಒಂದು ಮಿಲಿಮೀಟರಿನಷ್ಟು. ಟೇಪು ಹಿಡಿದು ಸೊಂಟದಿಂದ ಮಂಡಿಗೆ ಅಳೆದೆ, ವರ್ಷಕ್ಕೂ ಮಿಗಿಲಾದ ಲೆಕ್ಕ ಬಂತು. ಅದೂ ನರ ಪೂರ್ತಿ ತುಂಡಾಗಿರದಿದ್ದರೆ. ನನ್ನದು ತುಂಡಾಗಿದೆಯೋ ಹೊಲಿಗೆಗೆ ಸಿಕ್ಕಿದೆಯೋ ತಿಳಿಯಲು ಆಪರೇಷನ್ ಟಿಪ್ಪಣಿ ಬೇಕಿತ್ತು. ಕೇಳಿದಾಗ ಡಿಸ್ಚಾರ್ಜ್ ಸಮ್ಮರಿಯನ್ನೇ ಮತ್ತೆ ಕಳಿಸಿದರು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮವಿದೆ. ಅದನ್ನು ಉಲ್ಲೇಖಿಸಿ ರಿಜಿಸ್ಟರ್ಡ್ ಪೋಸ್ಟ್ ಹಾಕಿದ ಮೇಲೆ ಬಂತು. ಒಂದೇ ಪುಟ. ಸ್ನಾಯು ಸೇರಿಸಿ ಹೊಲಿದಿದೆ, ಚರ್ಮ ಇಷ್ಟು ತೆಗೆದಿದೆ, ಡ್ರೈನ್ ಇಟ್ಟಿದೆ. ಆ ನರ ಕಂಡಿತೋ ಇಲ್ಲವೋ, ಉಳಿಸಿದರೋ ಇಲ್ಲವೋ, ಒಂದಕ್ಷರವಿಲ್ಲ. ವಕೀಲರ ಬಳಿ ಹೋದೆ. ಡಾಕ್ಟರುಗಳ ಸೇವೆ 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಗ್ರಾಹಕ ಕಾಯ್ದೆಗೆ ಬರುತ್ತದೆ, ಎರಡು ವರ್ಷದೊಳಗೆ ದೂರು ಕೊಡಬೇಕು, ಆದರೆ ಗೊತ್ತಿರುವ ತೊಡಕೊಂದು ಸಂಭವಿಸಿದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ, ಅದನ್ನು ಇನ್ನೊಬ್ಬ ತಜ್ಞ ಬಂದು ಹೇಳಬೇಕು ಎಂದರು. ನಾನು ದೂರು ಕೊಡಲಿಲ್ಲ. ಪತ್ರವೊಂದನ್ನು ಮಾತ್ರ ಬರೆದೆ: ನಿಮ್ಮ ಫಾರ್ಮಿನಲ್ಲಿ 'ಬದಲಾವಣೆ' ಎಂದಿರುವಲ್ಲಿ 'ವರ್ಷಗಟ್ಟಲೆ ಉರಿಯಬಹುದು' ಎಂದು ಬರೆಯಿರಿ, ಅದನ್ನು ಡಾಕ್ಟರೇ ಓದಿ ಹೇಳಲಿ. ಉತ್ತರವಿಲ್ಲ.

ಬ್ರಾಂಚಿನಲ್ಲಿ ಒಬ್ಬರಿಗೆ ನಿಜ ಹೇಳಿದೆ, ಅಂದು ನನ್ನತ್ತ ತಿರುಗಿ ಕೇಳಿದ್ದರಲ್ಲ, ಅವರಿಗೇ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಷ್ಟಾಯ್ತ್ರೀ ಖರ್ಚು?' ಎಂದರು. ಆಮೇಲೆ ಸೆರಗು ಸರಿಸಿ ತಮ್ಮ ಹೊಟ್ಟೆಯ ಮಡಿಕೆ ತೋರಿಸಿದರು. ಅಲ್ಲಿಗೆ ಸುದ್ದಿ ಹಬ್ಬಿತು ಅಂತಿಟ್ಟುಕೊಳ್ಳಿ. ಹಾಗಲಕಾಯಿ ಗೊಜ್ಜಿನವರು ಈಗ ಅಷ್ಟಾಗಿ ಮಾತಾಡುವುದಿಲ್ಲ.

ಹೋದ ವರ್ಷ ನನ್ನ ಚಿಕ್ಕಮ್ಮನ ಮಗಳು ಫೋನು ಮಾಡಿದಳು. ಅವಳ ಹೊಟ್ಟೆಯದೂ ನನ್ನದೇ ಕಥೆ, ಅವಳಿಗೆ ಎರಡು ಸಿಸೇರಿಯನ್ ಆಗಿತ್ತು. ನಾನು ಬೇಡ ಅನ್ನಲಿಲ್ಲ, ಮಾಡಿಸಿಕೋ ಅಂತಲೂ ಅನ್ನಲಿಲ್ಲ. ಕೇಳಬೇಕಾದ್ದನ್ನು ಬರೆಸಿದೆ. ತೊಡೆಯ ನರವನ್ನು ಹೇಗೆ ಉಳಿಸುತ್ತೀರಿ, ಟಿಪ್ಪಣಿಯಲ್ಲಿ ಬರೆಯುತ್ತೀರಾ, ಮೂರು ತಿಂಗಳಾದ ಮೇಲೂ ನೋವಿದ್ದರೆ ನೋಡುವವರು ಯಾರು. ಅವಳು ಮೂರನ್ನೂ ಕೇಳಿದಳಂತೆ. ಸರ್ಜನ್ ಕುರ್ಚಿ ಹತ್ತಿರಕ್ಕೆಳೆದುಕೊಂಡು ಚಿತ್ರ ಬರೆದು ತೋರಿಸಿದರಂತೆ. ಮಾಡಿಸಿಕೊಂಡಳು, ಈಗ ಲಾಡಿ ಬಿಗಿದು ಸೀರೆ ಉಟ್ಟು ಓಡಾಡುತ್ತಾಳೆ, ತೊಡೆಗೇನೂ ಆಗಿಲ್ಲ. ಸಂತೋಷವೇ. ಒಂಚೂರು ಹೊಟ್ಟೆ ಉರಿದದ್ದೂ ಹೌದು. ತೊಡೆ ಉರಿದು ಉರಿದು ಸಾಕಾಗಿತ್ತು, ಜಾಗ ಬದಲಾಯಿತಲ್ಲ ಎಂದು ಗಂಡನಿಗೆ ಹೇಳಿದೆ.

ನನ್ನ ರಾತ್ರಿ ಮಾತ್ರೆ ಈಗ ಅರ್ಧಕ್ಕಿಳಿದಿದೆ. ಲಂಗಕ್ಕೆ ಲಾಡಿಯ ಬದಲು ಅಗಲದ ಎಲಾಸ್ಟಿಕ್ ಹಾಕಿಸಿದ್ದೇನೆ, ಸೀರೆಯಲ್ಲಿ ಒಂದು ಹೊತ್ತು ಕಳೆಯಬಹುದು. ಹೆಚ್ಚು ಹೊತ್ತು ನಿಂತರೆ, ಬಸ್ಸಿನಲ್ಲಿ ಯಾರಾದರೂ ಚೀಲ ತಾಗಿಸಿದರೆ ಇನ್ನೂ ಉರಿಯುತ್ತದೆ. ನರವನ್ನು ಬಿಡಿಸುವ ಅಥವಾ ಕತ್ತರಿಸಿಬಿಡುವ ಆಪರೇಷನ್ ಒಂದಿದೆ, ಬೇಕೆಂದಾಗ ಹೇಳಿ ಎಂದಿದ್ದಾರೆ ಡಾಕ್ಟರು. ಸದ್ಯಕ್ಕೆ ಬೇಡ ಎಂದಿದ್ದೇನೆ. ಬಸ್ಸಿನಲ್ಲಿ ಈಗ ಯಾರೂ ಎದ್ದು ಸೀಟು ಬಿಡುವುದಿಲ್ಲ, ನಾನೇ ಕೇಳಿ ಕೂರುತ್ತೇನೆ, ಕಾಲಿಗೆ ನರದ ತೊಂದರೆ ಎಂದು.